ಕ್ರಿಸ್‌ಮಸ್ ಮಾರನೇ ದಿನದ ಆಣೆ

ಮೊನ್ನೆ ಕ್ರಿಸ್‌ಮಸ್‌ಗೆ ಹೊನ್ನಾಳಿಯ ನಮ್ಮ ಪಕ್ಕದ ಮನೆಯವರು ಒಂದು ತಟ್ಟೆ ಕಲ್‌ಕಲ್ ಕಳಿಸಿದ್ದರು. ಮೈದಾ ಹಿಟ್ಟಿನ ಸಣ್ಣ ಸಣ್ಣ ಸುರುಳಿ ಮಾಡಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ ಸಿಹಿ ಅದು. ಮೇಲಿನ ಪೇಪರ್ ತೆಗೆದದ್ದೇ ತಡ, ಏಲಕ್ಕಿ, ಎಣ್ಣೆ, ಸಕ್ಕರೆ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ನಮ್ಮನೆಯವರು "ಚೆನ್ನಾಗೈತೆ ಕಣೆ, ತಗೋ" ಅಂತ ಬಾಯಿ ತುಂಬ ಹಾಕಿಕೊಂಡರು. ನನಗೆ ಒಂದೂ ಗಂಟಲಲ್ಲಿ ಇಳಿಯಲಿಲ್ಲ. ಪಾಪ, ಮಾಡಿದವರ ತಪ್ಪೇನಿಲ್ಲ. ಆ ವಾಸನೆ ಬಂದರೆ ಕೆಮ್ಮಣ್ಣಿನಲ್ಲಿ ಚೆಲ್ಲಾಡಿ ಬಿದ್ದ ಕಲ್‌ಕಲ್, ಅದರ ಮೇಲೆ ಮುತ್ತಿದ ಇರುವೆ, ಪಕ್ಕದಲ್ಲೇ ಬಾಯಿ ತೆರೆದುಕೊಂಡ ಒಂದು ಗುಂಡಿ ನನ್ನ ಕಣ್ಣೆದುರು ಬರುತ್ತವೆ. ಅದರ ಹಿಂದೆಯೇ ಜಗಳೂರಿನಲ್ಲಿ ಕಳೆದ ಆ ಒಂದು ವರ್ಷ ಪೂರ್ತಿ ಬರುತ್ತದೆ.

ನಾನು ಹುಟ್ಟಿ ಬೆಳೆದದ್ದು ಸೂಳೆಕೆರೆಯ ಮಗ್ಗುಲಿನ ಹಳ್ಳಿಯಲ್ಲಿ. ಕಣ್ಣು ಬಿಟ್ಟರೆ ನೀರು, ಕಾಲಿಟ್ಟರೆ ಗದ್ದೆ. ಅಂಥವಳನ್ನು ಕೆಲಸ ಸಿಕ್ಕ ಮೊದಲ ವರ್ಷವೇ ಜಗಳೂರಿನ ಶಾಲೆಗೆ ಹಾಕಿದರು. ಬಸ್ಸಿಳಿದ ದಿನ ಎಂಥ ಗಾಳಿ ಅಂತೀರಿ! ಬಾಯಿ ತೆರೆದರೆ ಹಲ್ಲೆಲ್ಲ ಮಣ್ಣು. ಶಾಲೆಗೆ ಹೋಗುವ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂದು, ಅವುಗಳ ಮೆರವಣಿಗೆ ಮುಗಿಯೋ ತನಕ ನಾನು ಬ್ಯಾಗು ಅವುಚಿಕೊಂಡು ನಿಂತಿದ್ದೆ. ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೆ ಅಂತ ಕೇಳಿದರೆ ಮನೆ ಮಾಲೀಕರು ಆಕಾಶ ನೋಡಿದರು. "ಇದೇನು ಊರೋ, ಶಿಕ್ಷೆಯೋ" ಅಂತ ಫೋನಿನಲ್ಲಿ ಅವ್ವನ ಹತ್ತಿರ ಅತ್ತದ್ದೂ ಉಂಟು.

ಆದರೆ ಊರು ಹಚ್ಚಿಕೊಳ್ಳದಿದ್ದರೂ ಜನ ಹಚ್ಚಿಕೊಂಡರು. ಮಾಳಿಗೆ ಮೇಲಿನ ಎರಡು ಕೋಣೆಯಲ್ಲಿ ನಾವು ಮೂರು ಜನ ಹೆಂಗಸರು ಇದ್ದೆವು. ನಾನು ವಿಜ್ಞಾನದ ಟೀಚರ್ರು. ರೇಣುಕಾ ನಮ್ಮ ಶಾಲೆಯಲ್ಲೇ ಕನ್ನಡ ಹೇಳುತ್ತಿದ್ದಳು. ಅವಳಿಗೆ ಮದುವೆಯಾಗಿ ಗಂಡ ನ್ಯಾಮತಿಯಲ್ಲಿದ್ದ. ರಜೆ ಬಂದಾಗ ಹೋಗಿ ಬರುತ್ತಿದ್ದಳು. ಮೂರನೆಯವಳು ಸ್ಟೆಲ್ಲಾ, ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಡ್ಯೂಟಿ ಮುಗಿಸಿ ಬಂದು ನಾವು ಏಳುವ ಹೊತ್ತಿಗೆ ಮಲಗುತ್ತಿದ್ದಳು. "ನಿಮ್ಮಿಬ್ಬರ ಬಾಯಿ ಮುಚ್ಚಾಕೆ ಒಂದು ಇಂಜೆಕ್ಷನ್ ಇದ್ದಿದ್ರೆ ನಾನೇ ಚುಚ್ತಿದ್ದೆ" ಅಂತ ಹೊದಿಕೆ ಒಳಗಿನಿಂದಲೇ ಬೈಯುತ್ತಿದ್ದಳು.

ರೇಣುಕಾಗೆ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ತವರು ಅಂದರೆ ಅಣ್ಣ ಈರಣ್ಣ. ಜಗಳೂರಿಂದ ಒಂದು ಗಂಟೆ ಬಸ್ಸಿನ ದಾರಿಯ ಹಳ್ಳಿ. ಆ ಊರಿನ ಹೆಸರು ಬೇಡ ಬಿಡಿ, ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ಈ ಅಣ್ಣನ ಸುದ್ದಿ ಎತ್ತದೆ ರೇಣುಕಾಗೆ ಒಂದು ದಿನ ಕಳೆಯುತ್ತಿರಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೈಸ್ಕೂಲು ಓದಿಸಿದ ಅಣ್ಣ, ತನ್ನ ಮದುವೆಗಿಂತ ಮುಂಚೆ ತಂಗಿಯ ಮದುವೆ ಮಾಡಿದ ಅಣ್ಣ. ನಾನು "ಸಾಕು ಮಾರಾಯ್ತಿ, ನಿಮ್ಮಣ್ಣಂಗೆ ಒಂದು ಗುಡಿ ಕಟ್ಟಿಸು" ಅಂತ ರೇಗಿಸುತ್ತಿದ್ದೆ.

ಅಷ್ಟು ಹೊಗಳುವುದಕ್ಕೆ ಒಂದು ಕಾರಣವಿತ್ತು. ಹಿಂದಿನ ವರ್ಷ ಅವರೂರ ಹೊರಗಿನ ಹಾಳು ಗುಡಿಯಲ್ಲಿ ಯಾರೋ ನಿಧಿಯ ಆಸೆಗೆ ಬಸವಣ್ಣನ ಕಲ್ಲು ಕಿತ್ತು, ಕೆಳಗೆ ಆಳುದ್ದ ಅಗೆದು ಹೋಗಿದ್ದರು. ನಮ್ಮ ಸೀಮೆಯಲ್ಲಿ ಹಳೇ ಕಲ್ಲೊಂದು ಕಂಡರೆ ಸಾಕು, ಅದರ ಕೆಳಗೆ ಕೊಪ್ಪರಿಗೆ ಐತೆ ಅನ್ನುವ ಜನಕ್ಕೇನು ಬರವಿಲ್ಲ. ಊರಿನವರು ಯಾರೋ ಜಾಗ ತೋರಿಸದೆ ಹೊರಗಿನವರು ಬರಾಕೆ ಸಾಧ್ಯವಿಲ್ಲ ಅಂತ ಮಾತು ಎದ್ದಿತು. ಈರಣ್ಣ ಅಪರಿಚಿತರ ಜೊತೆ ಕಾರಿನಲ್ಲಿ ಕೂತಿದ್ದನ್ನು ಯಾರೋ ನೋಡಿದ್ದರಂತೆ. ಊರ ಬಾಯಿಗೆ ಬೀಗ ಹಾಕಾಕೆ ಆಗುತ್ತಾ? ಕೊನೆಗೆ ಊರಿನ ಹಿರಿಯ ತಿಪ್ಪಜ್ಜ ಪಂಚಾಯ್ತಿ ಸೇರಿಸಿ, ಆಣೆ ಮಾಡು ಅಂದರು. ತುಂಬಿದ ಕೊಡದ ನೀರು ತಲೆ ಮೇಲೆ ಸುರಿಸಿಕೊಂಡು, ಒದ್ದೆ ಬಟ್ಟೆಯಲ್ಲೇ ಹನುಮಪ್ಪನ ಗುಡಿ ಹೊಸ್ತಿಲು ಮುಟ್ಟಿ ಹೇಳಬೇಕು. ಅದು ಆ ಊರಿನ ಪದ್ಧತಿ. ನೀರು ಸುರಿಯುವವರು ಆಣೆ ಮಾಡುವವರ ಮನೆಯವರೇ ಆಗಿರಬೇಕು, ಯಾಕೆಂದರೆ ಆಣೆ ಸುಳ್ಳಾದರೆ ಅವರಿಗೂ ತಟ್ಟುತ್ತದೆ ಅಂತ. ಸುಳ್ಳು ಅಂತ ಗೊತ್ತಾದರೆ ಮನೆ ಮಂದಿಯೆಲ್ಲ ಊರು ಬಿಡಬೇಕು. ಈರಣ್ಣ ಆಣೆ ಮಾಡಿದ. ನೀರು ಸುರಿದವಳು ರೇಣುಕಾನೇ.

"ನಾನೇ ಕೊಡ ಎತ್ತಿ ಸುರ್ದೆ ಕಣೆ ಸುಮಾ. ಅವನ ಕಣ್ಣಾಗೆ ಕಣ್ಣಿಟ್ಟು ನೋಡ್ದೆ. ನಮ್ಮಣ್ಣ ಹಂಗಲ್ಲ" ಅನ್ನುತ್ತಿದ್ದಳು. ಈ ಮಾತು ಬಂದಾಗ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ನಾವು ತಮಾಷೆ ನಿಲ್ಲಿಸುತ್ತಿದ್ದೆವು.

ಆ ವರ್ಷದ ಮಳೆಗಾಲ ಹೆಸರಿಗೆ ಬಂದು ಹೋಯಿತು. ರಸ್ತೆ ತುಂಬ ಮೆಕ್ಕೆಜೋಳ ಒಣಗಿ, ಶೇಂಗಾ ಬಿಡಿಸಿ ಮುಗಿದು, ಡಿಸೆಂಬರಿಗೆ ಒಣ ಚಳಿ ಬಿತ್ತು. ತುಟಿಯೆಲ್ಲ ಒಡೆದು ಮಾತಾಡಿದರೆ ರಕ್ತ. ಸ್ಟೆಲ್ಲಾಗೆ ಕ್ರಿಸ್‌ಮಸ್‌ಗೆ ರಜೆ ಸಿಗಲಿಲ್ಲ. ಹಬ್ಬದ ಹಿಂದಿನ ವಾರ ನಮ್ಮ ಸ್ಟೌವಿನ ಮೇಲೆಯೇ ಬಾಣಲೆ ಇಟ್ಟು ಕಲ್‌ಕಲ್ ಕರಿಯುತ್ತಾ ಮೂಗು ಸೊರಗುಟ್ಟಿಸುತ್ತಿದ್ದಳು.

"ನಮ್ಮೂರಾಗೆ ಹಬ್ಬದ ಮಾರನೇ ದಿನಾನೇ ಮಜಾ. ಚರ್ಚಿನ ಹುಡುಗ್ರೆಲ್ಲ ಸೇರಿ ನಿಧಿ ಹುಡುಕೋ ಆಟ ಆಡ್ತೀವಿ. ಒಂದು ಡಬ್ಬಿಯಾಗೆ ತಿಂಡಿ ಇಟ್ಟು ಎಲ್ಲಾದ್ರೂ ಹೂತಿಡೋದು. ಚೀಟಿ ಬರೆದು ದಾರಿ ಹೇಳೋದು. ಈ ಸಲ ಅದೂ ಇಲ್ಲ" ಅಂದಳು.

ರೇಣುಕಾ ಥಟ್ಟನೆ ಎದ್ದು ಕೂತಳು. "ನಮ್ಮೂರಿಗೆ ಬರ್ರೇ! ಈ ಸಲ ಮಾರನೇ ದಿನ ಭಾನುವಾರ ಬಿದ್ದೈತೆ. ನಮ್ಮ ಹೊಲದಾಗೆ ಆಡಾನ. ಒಗಟು ಕಟ್ಟಾದು ನಂಗೆ ಬಿಡ್ರಿ. ನಮ್ಮತ್ತಿಗೆ ಕೈಯ ರೊಟ್ಟಿ ತಿನ್ನಿಸ್ತೀನಿ."

"ನಿಮ್ಮೂರಾಗೇನಾ? ನಿಧಿ ಅಂದ್ರೆ ಉರಿದು ಬೀಳೋ ಊರು ಕಣೆ ಅದು. ಬೇರೆ ಜಾಗ ಸಿಗ್ಲಿಲ್ವಾ?" ಅಂದೆ.

"ನಮ್ಮ ಹೊಲದಾಗೆ ನಾವು ಆಡಿದ್ರೆ ಯಾರಪ್ಪನ ಗಂಟು ಹೋಗ್ತೈತೆ? ಆಣೆ ಆಗೈತೆ, ಮಾತು ಮುಗ್ದೈತೆ. ನಾನು ಇನ್ನೂ ಹೆದರ್ಕಂಡು ಓಡಾಡಿದ್ರೆ ನಮ್ಮಣ್ಣನ ಮೇಲೆ ನಂಗೇ ನಂಬಿಕೆ ಇಲ್ಲ ಅಂದಂಗೆ ಆಗ್ತೈತೆ" ಅಂದಳು. ಅವಳಿಗೆ ಆಟಕ್ಕಿಂತ ಅದೇ ಮುಖ್ಯ ಅಂತ ಆಗ ನನಗೆ ಹೊಳೆಯಿತು. ಗೆಳತಿಯರನ್ನು ಕರೆದುಕೊಂಡು ಹೋಗಿ, ಅಣ್ಣನ ಮನೆಯಲ್ಲಿ ಉಣ್ಣಿಸಿ, ಊರಿನವರೆದುರು ತಲೆಯೆತ್ತಿ ನಡೆಯಬೇಕಿತ್ತು ಅವಳಿಗೆ. ಆಯ್ತು ಅಂದೆ.

ಕ್ರಿಸ್‌ಮಸ್ ದಿನ ಮಧ್ಯಾಹ್ನವೇ ರೇಣುಕಾ ಕಲ್‌ಕಲ್ ತುಂಬಿದ ಸ್ಟೀಲಿನ ಡಬ್ಬಿ ಹಿಡಿದು ಊರಿಗೆ ಹೋದಳು. ಬಿಸಿಲು ಇಳಿಯುವ ಹೊತ್ತಿಗೆ ಹೊಲದಲ್ಲಿ ಡಬ್ಬಿ ಹೂತು, ಚೀಟಿಗಳನ್ನು ಅಲ್ಲಲ್ಲಿ ಇಟ್ಟು, ಅಣ್ಣನ ಮನೆಯಲ್ಲೇ ಉಳಿದಳು. ಆಟದ ಗುಟ್ಟು ಒಡೆಯಬಾರದು ಅಂತ ಅಣ್ಣನಿಗೂ ಹೇಳಲಿಲ್ಲ, ಅತ್ತಿಗೆಗೂ ಹೇಳಲಿಲ್ಲ. ನಾಳೆ ಗೆಳತಿಯರು ಊಟಕ್ಕೆ ಬರುತ್ತಾರೆ ಅಂದಳು, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ನಾನೂ ಸ್ಟೆಲ್ಲಾನೂ ಬಸ್ಸಿಳಿದೆವು. ಈರಣ್ಣ ಜಗಲಿಯಲ್ಲಿ ಕೂತಿದ್ದ. ತಂಗಿಯದೇ ಮೂಗು, ತಂಗಿಯದೇ ಹಣೆ. "ಬರ್ರಿ ಮೇಡಮ್ಮೋರೆ, ಬರ್ರಿ ಅಕ್ಕಾರೆ" ಅಂತ ಎದ್ದು ನಿಂತ. ಆದರೆ ಕಣ್ಣು ಕೆಂಡದಂತೆ ಕೆಂಪಾಗಿದ್ದವು. "ಯಾಕಣ್ಣ, ನಿದ್ದೆ ಇಲ್ವಾ?" ಅಂತ ರೇಣುಕಾ ಕೇಳಿದ್ದಕ್ಕೆ "ಬೆಳಗಿನ ಜಾವ ಕರೆಂಟ್ ಕೊಟ್ಟಿದ್ರು, ನೀರು ಕಟ್ಟಾಕೆ ಹೋಗಿದ್ದೆ" ಅಂದ. ಅತ್ತಿಗೆ ಗಂಗಮ್ಮ ಮಂಡಕ್ಕಿ ಒಗ್ಗರಣೆ, ಟೀ ಕೊಟ್ಟರು. ಈರಣ್ಣ ನಮ್ಮ ಜೊತೆ ಕೂರಲಿಲ್ಲ. ಕೆಲಸ ಐತೆ ಅಂತ ಟವೆಲ್ ಹೆಗಲಿಗೆ ಹಾಕಿ ಹೊರಟ.

ಆಟ ಶುರುವಾಯಿತು. ರೇಣುಕಾ ಕೈ ಕಟ್ಟಿಕೊಂಡು ಬಾಯಿಗೆ ಬೀಗ ಹಾಕಿ ನಮ್ಮ ಹಿಂದೆ. ಮೊದಲ ಚೀಟಿ ಅವಳೇ ಕೊಟ್ಟಳು: "ಬಾಯಿ ದೊಡ್ಡದು, ಮಾತಿಲ್ಲ. ಬಗ್ಗಿ ನೋಡಿದರೆ ನಿನ್ನದೇ ಮುಖ." ಸ್ಟೆಲ್ಲಾ "ಸುಮಾ!" ಅಂದಳು. "ಬಾಯಿ ದೊಡ್ಡದು ಸರಿ, ಮಾತಿಲ್ಲ ಅಂತಾಳಲ್ಲ!" ನಗುತ್ತಾ ಹಳೇ ಬಾವಿಗೆ ಓಡಿದೆವು. ಕಟ್ಟೆಯ ಸಂದಿಯಲ್ಲಿ ಎರಡನೆಯದು: "ಹಸಿರು ಸೀರೆ ಬಿಚ್ಚಿದರೆ ಮೈ ತುಂಬ ಹಳದಿ ಹಲ್ಲು." ಕಣದಲ್ಲಿ ರಾಶಿ ಹಾಕಿದ್ದ ಮೆಕ್ಕೆಜೋಳದ ತೆನೆಗಳ ಹತ್ತಿರ ಹೋದೆವು. ಅಲ್ಲಿ ಒಂದು ಗೋಣಿಚೀಲದ ಕೆಳಗೆ ಮೂರನೆಯ ಚೀಟಿ: "ವರ್ಷಕ್ಕೊಂದು ದಿನ ಬಂಗಾರ, ಉಳಿದ ದಿನ ಮುಳ್ಳು. ನನ್ನ ಬುಡದಲ್ಲಿದೆ ನಿಮ್ಮ ನಿಧಿ." ದಸರೆಯಲ್ಲಿ ಬಂಗಾರ ಅಂತ ಹಂಚುವ ಎಲೆ ಯಾವ ಮರದ್ದು ಅಂತ ನನಗೆ ಹೇಳಿಕೊಡಬೇಕಾ? ಹೊಲದ ಆಚೆ ಬದಿಯಲ್ಲಿ ಒಂದೇ ಒಂದು ಬನ್ನಿ ಮರ ಇತ್ತು. ಸ್ಟೆಲ್ಲಾ ಆಸ್ಪತ್ರೆಯ ಚಿಂತೆಯನ್ನೆಲ್ಲ ಬಿಟ್ಟು ಎಳೇ ಹುಡುಗಿಯಂತೆ ಓಡಿದಳು. ನಾನೂ ಹಿಂದೆ ಓಡಿದೆ. ಆ ವರ್ಷದಲ್ಲಿ ನಾವು ಅಷ್ಟು ಖುಷಿಯಾಗಿದ್ದದ್ದು ಅದೇ ಕೊನೆ.

ಮರದ ಬುಡದಲ್ಲಿ ಸೊಂಟ ಮುಳುಗುವಷ್ಟು ಗುಂಡಿ ಬಿದ್ದಿತ್ತು. ಬೇರುಗಳೆಲ್ಲ ಕತ್ತರಿಸಿ ಬಿಳಿ ತೋರಿಸುತ್ತಿದ್ದವು. ನಮ್ಮ ಸ್ಟೀಲಿನ ಡಬ್ಬಿ ಮುಚ್ಚಳ ಕಳಚಿ ಆಚೆ ಬಿದ್ದಿತ್ತು. ಸ್ಟೆಲ್ಲಾಳ ಕಲ್‌ಕಲ್ ಎಲ್ಲ ಮಣ್ಣುಪಾಲು. ಗುಂಡಿಯ ದಡದಲ್ಲಿ ಕೊಯ್ದ ನಿಂಬೆಹಣ್ಣು, ಅರಿಶಿನ, ಕುಂಕುಮ, ಒಡೆದ ತೆಂಗಿನಕಾಯಿ.

"ಇದೂ ಆಟದಾಗೆ ಐತೇನೆ?" ಅಂತ ಸ್ಟೆಲ್ಲಾ ಸಣ್ಣ ದನಿಯಲ್ಲಿ ಕೇಳಿದಳು.

ರೇಣುಕಾ ಗುಂಡಿಯೊಳಗೆ ಬಗ್ಗಿ ನೋಡಿದಳು. "ನಾನು ಒಂದು ಗೇಣು ಅಗ್ದಿದ್ದೆ ಅಷ್ಟೇ" ಅಂದಳು, ತನಗೆ ತಾನೇ ಹೇಳಿಕೊಂಡಂತೆ. ಅಷ್ಟರಲ್ಲಿ ಆಚೆ ಹೊಲದಲ್ಲಿ ಕುರಿ ಕಾಯುತ್ತಿದ್ದವನೊಬ್ಬ ನಮ್ಮನ್ನೂ ನೋಡಿದ, ಗುಂಡಿಯನ್ನೂ ನೋಡಿದ. "ಬರ್ರೋ! ನಿಧಿ ಕಳ್ರು ಬಂದಾರೆ ಬರ್ರೋ!" ಅಂತ ಅವನು ಹಾಕಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಜನ ಹೆಂಗೆ ಬಂದರು ಅಂತೀರಿ! ಕಣದಿಂದ, ಮನೆಯಿಂದ, ಟೀ ಅಂಗಡಿಯಿಂದ. ಕೈಯಲ್ಲಿ ದೊಣ್ಣೆ, ಕುಡುಗೋಲು, ಮೊಬೈಲು. "ಹೆಂಗಸ್ರು ಕಣ್ರಲೇ! ಈರಣ್ಣನ ತಂಗೀನೂ ಅವ್ಳೆ! ಯಾರು ಕಳಿಸಿದ್ದು ನಿಮ್ಮನ್ನ?" "ವಿಡಿಯೋ ಮಾಡ್ರಿ, ಗ್ರೂಪಿಗೆ ಹಾಕ್ರಿ." "ಪೊಲೀಸ್ರಿಗೆ ಫೋನ್ ಹಚ್ರಿ." ನನ್ನ ಕೈಯಲ್ಲಿದ್ದ ಚೀಟಿಯನ್ನು ಒಬ್ಬ ಕಿತ್ತುಕೊಂಡು ಗಟ್ಟಿಯಾಗಿ ಓದಿದ. "ನನ್ನ ಬುಡದಲ್ಲಿದೆ ನಿಮ್ಮ ನಿಧಿ! ಕೇಳಿದ್ರೇನ್ರಪ್ಪೋ, ಬರ್ಕಂಡೇ ಬಂದಾರೆ!" ಆಟ ಅಂತ ನಾನು ಬಡಿದುಕೊಂಡೆ. ನಾವು ಟೀಚರ್ರು ಅಂದೆ. ನಿಂಬೆಹಣ್ಣು ಕುಂಕುಮ ಇಟ್ಟು ಯಾವ ಟೀಚರ್ರು ಆಟ ಆಡ್ತಾರೆ ಅಂತ ಕೇಳಿದರು. ಇರಲಾರದೆ ಇರುವೆ ಬಿಟ್ಟುಕೊಂಡಂಗೆ ಆಯಿತಲ್ಲ ದೇವರೇ ಅಂದುಕೊಂಡೆ. ಗುಂಪಿನಲ್ಲಿ ಒಬ್ಬ ಹೆಂಗಸು "ಇವ್ರು ಆಸ್ಪತ್ರೆ ಸಿಸ್ಟರಮ್ಮ ಅಲ್ವಾ? ನನ್ನ ಮಗಳ ಹೆರಿಗೆ ಮಾಡ್ಸಿದ್ರು" ಅಂದದ್ದಕ್ಕೆ ಸ್ಟೆಲ್ಲಾಳ ಮೇಲೆ ಎತ್ತಿದ ಕೈ ಇಳಿಯಿತು.

ತಿಪ್ಪಜ್ಜ ಕೋಲೂರಿಕೊಂಡು ಬಂದರು. ಮೊಬೈಲುಗಳನ್ನು ಕೆಳಗಿಳಿಸಿದರು. ಅವರ ಹಿಂದೆ ಏದುಸಿರು ಬಿಡುತ್ತಾ ಈರಣ್ಣ, ಅವನ ಹಿಂದೆ ಎರಡು ಮಕ್ಕಳನ್ನು ಹಿಡಿದುಕೊಂಡು ಗಂಗಮ್ಮತ್ತಿಗೆ. ನನಗೆ ಹೋದ ಜೀವ ಬಂದಂತಾಯಿತು. ಸದ್ಯ, ಮನೆಯವರು ಬಂದರಲ್ಲ, ಇನ್ನು ಇವನೇ ಹೇಳುತ್ತಾನೆ ಅಂದುಕೊಂಡೆ.

"ಈರಣ್ಣ, ಇದು ನಿನ್ನ ಹೊಲ. ಏನಪ್ಪಾ ಇದು? ವರ್ಷದ ಕೆಳಗೆ ಆಣೆ ಮಾಡ್ದೋನು ನೀನು" ಅಂದರು ತಿಪ್ಪಜ್ಜ.

ಈರಣ್ಣ ಗುಂಡಿ ನೋಡಿದ, ಮರ ನೋಡಿದ. ತಂಗಿಯ ಮುಖ ಮಾತ್ರ ನೋಡಲಿಲ್ಲ. "ನಂಗೇನು ಗೊತ್ತಿಲ್ಲಜ್ಜ. ನಿನ್ನೆ ಸಂಜೆ ರೇಣುಕಾ ಒಬ್ಳೇ ಇಲ್ಲಿ ಕೂತು ಅಗೆಯಾದು ದೂರದಿಂದ ನೋಡ್ದೆ. ತಂಗಿ ಅಂತ ಸುಮ್ನಿದ್ದೆ" ಅಂದ.

ಅಯ್ಯೋ ಪಾಪಿ! ನನಗೆ ಮೈಯೆಲ್ಲ ಉರಿ ಹತ್ತಿತು. ಹಾಗೆ ಹೇಳುವಾಗ ಅವನು ಎರಡೂ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ಆ ಕೈಯ ಉಗುರುಗಳ ಸಂದಿಯೆಲ್ಲ ಹಳದಿ. ತೊಳೆದಿದ್ದಾನೆ, ಉಜ್ಜಿದ್ದಾನೆ, ಆದರೆ ಅರಿಶಿನ ಅಷ್ಟು ಸುಲಭಕ್ಕೆ ಬಿಡುತ್ತಾ? ತಂಗಿ ಸಂಜೆ ಏನೋ ಹೂಳುವುದನ್ನು ಕಂಡಿದ್ದಾನೆ. ಬೆಳಗಿನ ಜಾವ ನೀರು ಕಟ್ಟುವ ನೆಪದಲ್ಲಿ ಬಂದು, ನಿಧಿ ತೆಗೆಯುವವರು ಮಾಡುವ ಪೂಜೆಯನ್ನೆಲ್ಲ ಮಾಡಿ ಅಗೆದಿದ್ದಾನೆ. ಡಬ್ಬಿ ಸಿಕ್ಕ ಮೇಲೂ ಅದರ ಕೆಳಗೆ ಇನ್ನೇನೋ ಇದೆ ಅಂತ ಅಗೆಯುತ್ತಲೇ ಹೋಗಿದ್ದಾನೆ. ಆ ಪೂಜೆಯ ಕ್ರಮ ಅವನಿಗೆ ಗೊತ್ತಿತ್ತು ಅಂದರೆ ಹಾಳು ಗುಡಿಯ ವಿಷಯದಲ್ಲಿ ಮಾಡಿದ ಆಣೆಯೂ ಸುಳ್ಳೇ ಅಂತಾಯಿತು.

ರೇಣುಕಾನೂ ಆ ಉಗುರುಗಳನ್ನೇ ನೋಡುತ್ತಿದ್ದಳು. ನಾನು "ಅಜ್ಜಾ, ಅವನ ಕೈ..." ಅನ್ನುವಷ್ಟರಲ್ಲಿ ನನ್ನ ರಟ್ಟೆಯನ್ನು ಚರ್ಮ ಕಿತ್ತು ಬರುವಂತೆ ಚಿವುಟಿದಳು. ಆ ಕಡೆ ಗಂಗಮ್ಮತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಸಣ್ಣ ಮಗಳು ಅವರ ಸೀರೆ ನೆರಿಗೆಯೊಳಗೆ ಮುಖ ಇಟ್ಟಿತ್ತು. ಇವನ ಆಣೆ ಸುಳ್ಳು ಅಂತಾದರೆ ಇವತ್ತೇ ಅವರೆಲ್ಲ ಊರು ಬಿಡಬೇಕು.

"ಅಗ್ದಿದ್ದು ನಾನೇ ತಿಪ್ಪಜ್ಜ" ಅಂದಳು ರೇಣುಕಾ. "ಆಸೆ ಬಿತ್ತು. ಪೂಜೆ ಇಟ್ಟಿದ್ದೂ ನಾನೇ. ಇವರಿಬ್ರಿಗೂ ಏನೂ ಗೊತ್ತಿಲ್ಲ, ಊಟಕ್ಕೆ ಬಂದೋರು. ನಮ್ಮಣ್ಣಂಗೂ ಗೊತ್ತಿಲ್ಲ."

ತಿಪ್ಪಜ್ಜ ಒಮ್ಮೆ ಗುಂಡಿ ನೋಡಿದರು, ಒಮ್ಮೆ ಅವಳ ಕೈ ನೋಡಿದರು. ಒಬ್ಬಳು ಹೆಂಗಸು ಅಷ್ಟು ದೊಡ್ಡ ಗುಂಡಿ ತೋಡುವುದು ಆಗುವ ಮಾತಾ ಅಂತ ಅವರಿಗೂ ಅನ್ನಿಸಿರಬೇಕು. ಆದರೆ ಗುಂಪು ಕಾಯುತ್ತಿತ್ತು. "ಹಂಗಾರೆ ಆಣೆ ಮಾಡವ್ವ. ಆಗ ನಿಮ್ಮಣ್ಣನ ಆಣೆ ಉಳೀತೈತೆ" ಅಂದರು.

ನಾನು ತಡೆದೆ. ಕೂಗಾಡಿದೆ, ಇದು ಯಾವ ನ್ಯಾಯ ಅಂದೆ, ಪೊಲೀಸರನ್ನೇ ಕರೆಸಿ ಅಂದೆ. ರೇಣುಕಾ ನನ್ನ ಕಡೆ ತಿರುಗಿ "ಸುಮಾ, ಬಾಯಿ ಮುಚ್ಚು. ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಅವಳು ಅಂಥ ದನಿಯಲ್ಲಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬಾಯಿ ಮುಚ್ಚಿದೆ.

ಹನುಮಪ್ಪನ ಗುಡಿಯ ಮುಂದೆ ಬೋರಿನ ನೀರು ತುಂಬಿದ ಕೊಡ ತಂದಿಟ್ಟರು. ಮನೆಯವರೇ ಸುರಿಯಬೇಕಲ್ಲ. ತಿಪ್ಪಜ್ಜ "ಈರಣ್ಣ" ಅಂದರು. ಅವನು ಬಂದ. ಕೊಡ ಎತ್ತಿದ. ಮೊದಲ ನೀರು ಅವಳ ಹೆಗಲ ಮೇಲೆ ಬಿತ್ತು, ಆಮೇಲೆ ತಲೆ ಮೇಲೆ. ಡಿಸೆಂಬರಿನ ಚಳಿಗಾಳಿ. ಹೊಸದಾಗಿ ಉಟ್ಟುಕೊಂಡು ಬಂದಿದ್ದ ನೀಲಿ ಸೀರೆ ಮೈಗೆ ಅಂಟಿತು, ಕುಂಕುಮ ಇಳಿದು ಮೂಗಿನ ಮೇಲೆ ಬಂತು. ಅವಳು ತಲೆಯೆತ್ತಿ ಅಣ್ಣನ ಕಣ್ಣು ಹುಡುಕಿದಳು. ಅವನು ಖಾಲಿ ಕೊಡದೊಳಗೆ ನೋಡುತ್ತಾ ನಿಂತಿದ್ದ. ರೇಣುಕಾ ಹೊಸ್ತಿಲು ಮುಟ್ಟಿ, ಗಟ್ಟಿಯಾಗಿ, ಕ್ಲಾಸಿನಲ್ಲಿ ಪದ್ಯ ಓದುವಂತೆ ಒಂದೂ ಅಕ್ಷರ ನುಂಗದೆ ಆಣೆ ಮಾಡಿದಳು.

ತಿಪ್ಪಜ್ಜ ಇನ್ನು ಈ ಊರಿಗೆ ಕಾಲಿಡಬೇಡ ಅಂದರು. ಬಸ್ ಸ್ಟ್ಯಾಂಡಿನ ತನಕ ಇಬ್ಬರು ಗಂಡಸರು ನಮ್ಮ ಹಿಂದೆ ಬಂದರು. ಗಂಗಮ್ಮತ್ತಿಗೆ ಓಡಿ ಬಂದು ಒಣ ಸೀರೆಯೊಂದನ್ನು ನನ್ನ ಕೈಗೆ ತುರುಕಿ, ಹಾಗೇ ತಿರುಗಿ ಹೋದರು. ಮಾಡಿಟ್ಟ ರೊಟ್ಟಿ ಅವರ ಮನೆಯಲ್ಲೇ ಉಳಿದವು.

ಬಸ್ಸಿನಲ್ಲಿ ಸ್ಟೆಲ್ಲಾ ರೇಣುಕಾಳ ತಲೆ ಒರೆಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. "ನಂದೇ ತಪ್ಪು, ನಾನ್ಯಾಕೆ ಆ ಆಟದ ಸುದ್ದಿ ಎತ್ತಿದೆ" ಅಂತ ಒಂದೇ ಸಮ. ನಾನು ಸಮಾಧಾನ ಮಾಡಲು ಹೋಗಿ, "ನೀನು ಒಂದು ಗೇಣು ಅಗೆದಿದ್ದೆ ತಾನೆ? ಹಂಗಾದ್ರೆ ಆಣೆ ಪೂರ್ತಿ ಸುಳ್ಳೇನಲ್ಲ ಬಿಡು" ಅಂದೆ.

"ದೇವ್ರ ಹತ್ರ ಲಾಯರ್ ಮಾತು ಆಡಬ್ಯಾಡ" ಅಂದಳು ರೇಣುಕಾ. ಸ್ವಲ್ಪ ಹೊತ್ತಿನ ಮೇಲೆ, "ಹೋದ ವರ್ಷ ಅವನ ತಲೆ ಮೇಲೆ ನೀರು ಸುರ್ದಾಗ ಅವನ ಕಣ್ಣು ನೋಡಿದ್ದೆ ಕಣೆ. ಎಷ್ಟು ತಿಳಿಯಾಗಿದ್ವು" ಅಂದಳು.

ಆಮೇಲಿನ ತಿಂಗಳುಗಳಲ್ಲಿ ನಾನು ಅವಳೊಡನೆ ಬೇಕಾದಷ್ಟು ಜಗಳ ಆಡಿದೆ. "ಅವನ ಪಾಪ ನೀನ್ಯಾಕೆ ಹೊತ್ಕೊಂಡೆ?" ಅಂತ ಕೇಳಿದರೆ, "ನೀನು ನಮ್ಮತ್ತಿಗೆ ಮುಖ ನೋಡಿದ್ಯಲ್ಲ" ಅನ್ನುತ್ತಿದ್ದಳು. ಅವಳು ಅಣ್ಣನ ಸುದ್ದಿ ಎತ್ತುವುದನ್ನು ಬಿಟ್ಟಳು. ಗುಡಿಯ ಮುಂದೆ ಹೋಗುವಾಗ ಕೈ ಮುಗಿಯುವುದನ್ನೂ ಬಿಟ್ಟಳು. ನೀರು ಕಾಯಿಸಿ ತಲೆಗೆ ಹಾಕಿಕೊಳ್ಳುವ ದಿನ ಬಚ್ಚಲಿನಿಂದ ಹೊರಗೆ ಬರಲು ಬಹಳ ಹೊತ್ತು ಮಾಡುತ್ತಿದ್ದಳು. ನ್ಯಾಮತಿಯಲ್ಲಿದ್ದ ಗಂಡನಿಗೂ ಪೂರ್ತಿ ವಿಷಯ ಹೇಳಲಿಲ್ಲ. "ಅಣ್ಣನ ಜೊತೆ ಮಾತು ಬಂತು" ಅಂದಿದ್ದಳಷ್ಟೆ. ಬೇಸಿಗೆಯಲ್ಲಿ ಸ್ಟೆಲ್ಲಾ ತನ್ನೂರ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು.

ನನಗೂ ಹೊನ್ನಾಳಿಗೆ ವರ್ಗವಾಗುವ ಸೂಚನೆ ಬಂದಿತ್ತು. ಶ್ರಾವಣ ಶುರುವಾಯಿತು. ಪಂಚಮಿ ಹತ್ತಿರ ಬಂದ ಹಾಗೆ ಸ್ಟಾಫ್ ರೂಮಿನ ಹೆಂಗಸರೆಲ್ಲ ತವರಿಗೆ ಹೋಗುವ ಮಾತಾಡುತ್ತಿದ್ದರೆ ರೇಣುಕಾ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿರುತ್ತಿದ್ದಳು. ಹಬ್ಬಕ್ಕೆ ಎರಡು ದಿನ ಇರುವಾಗ ಪ್ಯೂನ್ ಬಂದು "ಮೇಡಂ, ನಿಮ್ಮಣ್ಣಾರು ಬಂದಾರೆ, ಗೇಟಿನ ಹತ್ರ ನಿಂತಾರೆ" ಅಂದ.

ಅವಳು ಪೆನ್ನು ಬಿಸಾಕಿ ಎದ್ದಳು. ನನ್ನನ್ನೂ ಎಳೆದುಕೊಂಡೇ ಹೋದಳು. ಈರಣ್ಣ ಗೇಟಿನ ಹೊರಗೆ, ಒಂದು ಕೈಯಲ್ಲಿ ಸೀರೆ ಅಂಗಡಿಯ ಚೀಲ, ಇನ್ನೊಂದರಲ್ಲಿ ಉಂಡೆಯ ಡಬ್ಬಿ. ಬಹಳ ಬಡವಾಗಿದ್ದ. "ಊರಿಗೆ ಕರ್ಕಂಡು ಹೋಗಾಕೆ ಬರಂಗಿಲ್ಲ. ಪಂಚಮಿಗೆ ತಂಗಿಗೆ ಸೀರೆ ಕೊಡ್ದಂಗೆ ಹೆಂಗಿರಾದು?" ಅಂದ. ರೇಣುಕಾಳ ಮುಖ ಅರಳಿದ್ದು ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಚೀಲ ಎರಡೂ ಕೈಯಲ್ಲಿ ಈಸಿಕೊಂಡು ಎದೆಗೆ ಒತ್ತಿಕೊಂಡಳು. "ಅತ್ತಿಗೆ ಹೆಂಗವ್ಳೆ? ಮಕ್ಳು? ನೀನು ಉಂಡ್ಯಾ?" ಒಂದರ ಮೇಲೊಂದು ಕೇಳಿದಳು. ಎಂಟು ತಿಂಗಳಿಂದ ಅವಳು ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ಅವನು ತಪ್ಪಾಯ್ತು ಅಂದರೆ ಸಾಕಿತ್ತು, ಅದನ್ನೂ ಬಾಯಿ ಬಿಟ್ಟು ಅನ್ನಬೇಕಾಗಿರಲಿಲ್ಲ.

ಈರಣ್ಣ ನನ್ನ ಕಡೆ ಒಮ್ಮೆ ನೋಡಿ, ಅವಳ ಹತ್ತಿರ ಸರಿದು ದನಿ ತಗ್ಗಿಸಿದ. ಆದರೂ ನನಗೆ ಕೇಳಿಸಿತು.

"ರೇಣು, ಈಗಾದ್ರೂ ನಿಜ ಹೇಳು. ಅಪ್ಪ ಸಾಯಾ ದಿನ ನಿನ್ನ ಒಬ್ಳನ್ನೇ ಕರ್ದು ಕಿವಿಯಾಗೆ ಏನೋ ಹೇಳ್ದ. ನಾನು ಬಾಗ್ಲಾಗೆ ನಿಂತು ನೋಡಿದ್ದೆ. ಜಾಗ ಹೇಳ್ದ, ಹೌದಿಲ್ಲೋ? ಬನ್ನಿ ಮರ ಅಲ್ಲಾಂದ್ರೆ ಮತ್ತೆ ಎಲ್ಲಿ? ಸಿಕ್ಕಿದ್ದರಾಗೆ ಅರ್ಧ ನಿಂಗೇ ಕೊಡ್ತೀನಿ."

ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು.

"ಎಮ್ಮೆಗೆ ನೀರು ಕುಡಿಸಿದ್ರಾ ಅಂತ ಕೇಳ್ದ ಕಣಣ್ಣ" ಅಂದಳು. "ಅಪ್ಪ ಕೇಳಿದ್ದು ಅಷ್ಟೇ."

ಅವನು ನಂಬಲಿಲ್ಲ. ತಲೆ ಅಲ್ಲಾಡಿಸಿದ. ಆಮೇಲೆ ತನ್ನ ಬಲಗೈಯನ್ನು ಅವಳ ಮುಂದೆ ಚಾಚಿ, "ಹಂಗಾರೆ ಆಣೆ ಮಾಡಿ ಹೇಳು" ಅಂದ.

ರೇಣುಕಾ ಆ ಕೈಯ ಮೇಲೆ ಸೀರೆಯ ಚೀಲವನ್ನು ವಾಪಸ್ ಇಟ್ಟಳು. "ಬಸ್ ಬರೋ ಹೊತ್ತಾತು, ಹೋಗಣ್ಣ. ಇನ್ನು ಬರಬ್ಯಾಡ" ಅಂದು, ಸೆರಗು ಸರಿಮಾಡಿಕೊಂಡು, ಏಳನೇ ಕ್ಲಾಸಿಗೆ ಪಾಠ ಮಾಡಲು ಹೋದಳು.